ಕೊನೆಯ ಹದಿನಾರು ಪುಟ

ಮೈದಾ ಹಿಟ್ಟಿನ ಅಂಟು ಒಲೆಯ ಮೇಲೆ ಕುದಿಯುವಾಗ ಒಂದು ವಾಸನೆ ಏಳುತ್ತದೆ. ಅದಕ್ಕೆ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿದರಂತೂ ಮುಗಿದೇಹೋಯಿತು, ನಾನು ಗೋಕಾಕದ ನಮ್ಮ ಓಣಿಗೆ ಹೋಗಿ ನಿಂತುಬಿಡುತ್ತೇನೆ. ಮೊನ್ನೆ ಮೊಮ್ಮಗಳು ಶಾಲೆಯ ಯಾವುದೋ ಕೆಲಸಕ್ಕೆಂದು ಅಂಟು ಕಾಯಿಸುತ್ತಿದ್ದಳು. ನಾನು ಸುಮ್ಮನೆ ಎದ್ದು ಹೊರಗೆ ಹೋದೆ. "ಯಾಕ ಆಯಿ, ವಾಸನಿ ಆಗಿಬರಂಗಿಲ್ಲೇನು?" ಎಂದು ಕೇಳಿದಳು. ಆಗಿಬರುವುದಿಲ್ಲ ಎಂದೆ. ಸುಳ್ಳು. ಆ ವಾಸನೆ ಅಂದರೆ ನನಗೆ ಜೀವ. ಆದರೆ ಅದರ ಜೊತೆಗೇ ಒಂದು ಅಂಜಿಕೆ ಬಂದು ಎದೆಯ ಮೇಲೆ ಕೂಡುತ್ತದೆ. ಹನ್ನೆರಡು ವರ್ಷದ ಹುಡುಗಿಯ ಅಂಜಿಕೆ ಅದು, ಮುದುಕಿಯಾದರೂ ನನ್ನನ್ನು ಬಿಟ್ಟಿಲ್ಲ. ನಗಬೇಡಿ, ನಿಮಗೂ ಇಂಥದ್ದೊಂದು ಇದ್ದೇ ಇರುತ್ತದೆ.

ನಮ್ಮಪ್ಪ ಪುಸ್ತಕ ಬೈಂಡ್ ಮಾಡುವವನು. ಊರಿಗೆಲ್ಲ ಬೈಂಡಿಂಗ್ ಬಸಪ್ಪ. ಮನೆಯ ಮುಂದಿನ ಪಡಸಾಲೆಯೇ ಅವನ ಅಂಗಡಿ. ಅಲ್ಲಿ ಕಾಲಿಟ್ಟರೆ ರಟ್ಟು, ದಾರ, ಸೂಜಿ, ಅಂಟಿನ ಗಡಿಗೆ, ಗೋಡೆಗೆ ಒರಗಿಸಿದ ಒತ್ತುಕಲ್ಲು. ಅವನಿಗೆ ಓದು ಬಾರದು, ಅಂಕಿ ಮಾತ್ರ ಬರುತ್ತಿತ್ತು. ಪುಸ್ತಕ ಬಿಚ್ಚಿದರೆ ಹದಿನಾರು ಹದಿನಾರು ಪುಟಗಳ ಮಡಿಕೆಗಳಾಗಿ ಬೇರೆಯಾಗುತ್ತದೆ. ಅದಕ್ಕೆ ಫಾರ್ಮು ಎನ್ನುತ್ತಿದ್ದೆವು. ಪುಟದ ಅಂಕಿ ನೋಡಿ ಫಾರ್ಮುಗಳನ್ನು ಸಾಲಾಗಿ ಜೋಡಿಸಿ, ಮೇಲೆ ಕಲ್ಲು ಹೇರಿ, ಮರುದಿನ ಹೊಲಿಯುವುದು ಅವನ ಪದ್ಧತಿ. "ನನ್ನ ಕೈಯಾಗ ಇವತ್ತಿನತನಕ ಒಂದು ಹಾಳಿ ಕಳದಿಲ್ಲ" ಎನ್ನುವುದು ಅವನ ಜಂಬ. ಅದೊಂದೇ ಜಂಬ, ಪಾಪ. ಕಲ್ಲು ಹೇರುವ ಮೊದಲು ಬಿಚ್ಚಿದ ಫಾರ್ಮುಗಳನ್ನು ನಾನು ಕದ್ದು ಓದುತ್ತಿದ್ದೆ. ಅಪ್ಪನಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇರುತ್ತಿದ್ದ.

ನನಗೆ ಕಾದಂಬರಿಯ ಹುಚ್ಚು ಹಿಡಿಸಿದವರು ಗಂಗಾಬಾಯಿ ಅಕ್ಕೋರು, ನಮ್ಮ ಹೆಣ್ಣುಮಕ್ಕಳ ಸಾಲಿಯ ಶಿಕ್ಷಕಿ. ಗಂಡ ಮಕ್ಕಳು ಯಾರೂ ಇರಲಿಲ್ಲ ಅವರಿಗೆ. ಅವರು ಧಾರವಾಡದಿಂದ ತರಿಸಿಕೊಳ್ಳುತ್ತಿದ್ದ ಒಂದು ಪ್ರೇಮದ ಕಾದಂಬರಿ ವರ್ಷಕ್ಕೊಂದು ಭಾಗದಂತೆ ಬರುತ್ತಿತ್ತು. ಅದರ ವತ್ಸಲಾ, ಅದರ ಶ್ರೀಪತಿ ಈಗ ಯಾರಿಗೂ ನೆನಪಿಲ್ಲ. ನಮ್ಮಿಬ್ಬರಿಗೆ ಮಾತ್ರ ಅವರು ಬಾಜೂಮನೆಯವರಿದ್ದಂತೆ. "ಶಾಂತಾ, ಈಗ ವತ್ಸಲಾ ಏನ್ ಮಾಡಾಕತ್ತಿರಬೇಕ?" ಎಂದು ಸಾಲಿ ಬಿಟ್ಟ ಮೇಲೆ ಅಕ್ಕೋರು ಕೇಳಿದರೆ, ನಾನು ಮನಸ್ಸಿಗೆ ಬಂದಂತೆ ಹೇಳುತ್ತಿದ್ದೆ. ಆಮೇಲೆ ಅವರಿಗೆ ಹುಕ್ಕೇರಿಗೆ ವರ್ಗವಾಯಿತು. ವರ್ಷ ತುಂಬುವುದರೊಳಗೆ ಎದೆಯ ಬೇನೆ ಶುರುವಾಯಿತು, ಮಿರಜಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಬೇಕೆಂದರಂತೆ. ಹೋಗುವ ಮೊದಲು ಐದೂ ಭಾಗಗಳನ್ನು ಒಂದೇ ಪುಸ್ತಕವಾಗಿ ಕಟ್ಟಿಕೊಡಿ ಎಂದು ತಮ್ಮನ ಕೈಯಲ್ಲಿ ನಮ್ಮಪ್ಪನಿಗೆ ಕಳಿಸಿದರು. ಐದನೆಯದು ಕೊನೆಯ ಭಾಗ. ಅದನ್ನವರು ಇನ್ನೂ ಓದಿರಲಿಲ್ಲ. ಹಾಸಿಗೆಯ ಮೇಲೆ ಮೊದಲಿನಿಂದ ಓದಿಕೊಂಡು ಬಂದು ಅದನ್ನು ಮುಟ್ಟಬೇಕೆಂದು ಆಸೆ ಇಟ್ಟುಕೊಂಡಿದ್ದರು.

ಆ ಐದನೆಯ ಭಾಗ ಕೈಗೆ ಸಿಕ್ಕ ದಿನ ನನಗೆ ಊಟ ಬೇಡ, ನೀರು ಬೇಡ. ಹಿಂದಿನ ನಾಲ್ಕನ್ನು ನಿವಾಳಿಸಿ ಒಗೆಯಬೇಕು, ಅಂಥ ಪುಸ್ತಕ. ಶ್ರೀಪತಿ ಸತ್ತಿದ್ದಾನೋ ಬದುಕಿದ್ದಾನೋ ತಿಳಿಯದೆ ವತ್ಸಲಾ ಅವನ ಊರಿಗೆ ಬಂದು, ಅವನ ಮನೆಯ ಬಾಗಿಲಿನ ಮೇಲೆ ಕೈ ಇಟ್ಟಳು. ಅಲ್ಲಿಗೆ ಒಂದು ಫಾರ್ಮು ಮುಗಿಯಿತು, ಸಾಲಿಯ ಗಂಟೆಯೂ ಹೊಡೆಯಿತು. ಉಳಿದದ್ದು ಒಂದೇ ಫಾರ್ಮು. ಅದನ್ನು ನನ್ನ ಟ್ರಂಕಿನಲ್ಲಿ ಬಚ್ಚಿಟ್ಟು ಓಡಿದೆ. ಸಂಜೆ ಓದಿ ಮತ್ತೆ ಕಲ್ಲಿನ ಕೆಳಗೆ ಸೇರಿಸಿದರಾಯಿತು, ಹೊಲಿಯುವುದು ಹೇಗೂ ನಾಳೆ ಎಂಬ ಧೈರ್ಯ. ಬಂದು ನೋಡುತ್ತೇನೆ, ಕಲ್ಲಿನ ಕೆಳಗೆ ಏನೂ ಇಲ್ಲ. ಅಕ್ಕೋರ ತಮ್ಮ ರಾಮಣ್ಣ, ಮೂಡಲಗಿಯ ಬೆಲ್ಲದ ವ್ಯಾಪಾರಿ, ಅವಸರ ಮಾಡಿದ್ದಕ್ಕೆ ಅಪ್ಪ ಅವತ್ತೇ ಹೊಲಿದು ಕೊಟ್ಟುಬಿಟ್ಟಿದ್ದ. ನಡುವಿನ ಫಾರ್ಮು ಹೋಗಿದ್ದರೆ ಅಂಕಿ ತಪ್ಪಿ ಅಪ್ಪನಿಗೆ ಗೊತ್ತಾಗುತ್ತಿತ್ತು. ಕೊನೆಯದು ಹೋದರೆ ಅಂಕಿ ಎಲ್ಲಿ ತಪ್ಪುತ್ತದೆ? "ಸೋಮವಾರ ಮಿರಜಿಗೆ ಹೋಗ್ತಾರಂತ ಅಕ್ಕೋರು" ಎಂದ ಅಪ್ಪ, ಕೈ ತೊಳೆಯುತ್ತ.

ಮೂರು ದಿನ ನಾನು ಮನುಷ್ಯಳಾಗಿರಲಿಲ್ಲ. ಯಾರಾದರೂ ಬಾಗಿಲಲ್ಲಿ ಕೆಮ್ಮಿದರೆ ಹಿತ್ತಲಿಗೆ ಓಡುತ್ತಿದ್ದೆ. ಟ್ರಂಕಿನಲ್ಲಿ ಹಾವು ಇಟ್ಟುಕೊಂಡವಳಂತೆ ಅದರ ಹತ್ತಿರ ಹೋಗಲೂ ಅಂಜಿಕೆ. ಓದುವ ಮಾತೆಲ್ಲಿ ಬಂತು? ಶನಿವಾರ ಅಪ್ಪ ಅಂಟು ಕಲಕುತ್ತಿದ್ದಾಗ ಹೇಳಿಬಿಟ್ಟೆ. ಅವನ ಕೈ ನಿಂತಿತು. ಅಂಟು ತಳ ಹಿಡಿದು ಸೀದು ಹೋಗುವವರೆಗೂ ಅವನು ಅಲುಗಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. "ನಾಳಿ ಹುಕ್ಕೇರಿಗೆ ಹೋಗೂದು. ನೀನ ನಿನ್ನ ಬಾಯಿಲೆ ಹೇಳಬೇಕು" ಎಂದ, ಅಷ್ಟೇ.

ಮರುದಿನ ಬಸ್ಸಿನಲ್ಲಿ ಅಪ್ಪ ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಅಕ್ಕೋರು ಮಂಚದ ಮೇಲೆ ಕೂತಿದ್ದರು. ಅಯ್ಯೋ, ಎಷ್ಟು ಇಳಿದುಹೋಗಿದ್ದರು ಅವರು! ಕೈಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು. ನಾನು ಅಳುತ್ತ ಹೇಳಿದ್ದು ಅವರಿಗೆ ಎಷ್ಟು ತಿಳಿಯಿತೋ, ಮೊದಲು ನಕ್ಕರು, ನಕ್ಕದ್ದು ಕೆಮ್ಮಾಯಿತು. ಅಪ್ಪ ಜೇಬಿನಿಂದ ಸೂಜಿ ದಾರ ತೆಗೆದು, "ಈಗ ಹೊಲದು ಕೊಡ್ತೀನ್ರಿ, ತಪ್ಪಾಗೇತಿ" ಎಂದ. ಅಕ್ಕೋರು ಫಾರ್ಮನ್ನು ಕೈಯಲ್ಲಿ ಹಿಡಿದು, ಬಿಚ್ಚದೆ, ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅದನ್ನು ನನ್ನ ಉಡಿಯಲ್ಲಿ ಇಟ್ಟರು.

"ನನಗೂ ಅಂಜಿಕಿ ಐತಿ ಶಾಂತಾ," ಎಂದರು ಮೆಲ್ಲಗೆ. "ಇದು ನಿನ್ನ ಕಡೆ ಇರಲಿ. ಆರಾಮ ಆಗಿ ಬಂದ ಮ್ಯಾಲ ಇಬ್ರೂ ಕೂಡೇ ಓದೂಣು. ಅಲ್ಲೀತನಕ ನೀನೂ ಓದಬ್ಯಾಡ. ಕಥಿ ನಿಂತಿದ್ರ ನಾ ಬರಾಕ ಬೇಕಲ್ಲ?"

ನಾನು ತಲೆ ಆಡಿಸುವ ಮೊದಲೇ ಅಪ್ಪ ಹೇಳಿದ: "ಆಕಿ ಮುಟ್ಟಂಗಿಲ್ರಿ ಅಕ್ಕೋರ. ನಾ ಮಾತು ಕೊಡ್ತೀನಿ."

ಮುಂದಿನ ಒಂದು ತಿಂಗಳು ಹೇಗೆ ಕಳೆದೆನೋ ಕೇಳಬೇಡಿ. ಅಕ್ಕೋರ ಜೀವ ಆ ಹದಿನಾರು ಪುಟದಲ್ಲಿದೆ, ನಾನು ಓದಿದರೆ ಅವರು ಸಾಯುತ್ತಾರೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಯಾರೂ ಹಾಗೆ ಹೇಳಿರಲಿಲ್ಲ. ಹೇಳುವುದು ಬೇಕೇ? ದಿನಾ ಟ್ರಂಕಿನ ಮುಚ್ಚಳ ಮುಟ್ಟಿ ನೋಡುತ್ತಿದ್ದೆ, ಕೈಮುಗಿಯುತ್ತಿದ್ದೆ. ಕಡೆಗೆ ಒಂದು ಮಧ್ಯಾಹ್ನ, ಅವ್ವ ಹೊಳೆಗೆ ಬಟ್ಟೆ ಒಗೆಯಲು ಹೋದಾಗ, ಹಾಳು ಆಸೆ ಗೆದ್ದಿತು. ಒಂದು ಪುಟ ಅಂದುಕೊಂಡವಳು ಹದಿನಾರನ್ನೂ ನುಂಗಿದೆ. ಓದುತ್ತ ಅತ್ತೆ, ನಕ್ಕೆ, ಮತ್ತೊಮ್ಮೆ ಓದಿದೆ. ನನ್ನ ಜನ್ಮದಲ್ಲಿ ಅಷ್ಟು ಸುಖ ಕೊಟ್ಟ ಓದು ಇನ್ನೊಂದಿಲ್ಲ. ಮಡಿಚಿ ಒಳಗಿಟ್ಟವಳು ನೇರ ದೇವರ ಮುಂದೆ ಹೋಗಿ ಕೈಮುಗಿದು ಕೂತೆ.

ವಾರವಾಗಿರಬೇಕು. ರಾಮಣ್ಣ ಪಡಸಾಲೆಯ ಮೆಟ್ಟಿಲು ಹತ್ತಿ ಬಂದ. ಮಿರಜಿನಿಂದ ಬಂದಿದ್ದ, ಮುಖ ತೊಳೆದಿರಲಿಲ್ಲ. ಅಕ್ಕೋರು ಹೋದರು ಎಂದುಕೊಂಡೆ. ಅವನು ಕೂತು ನೀರು ಕುಡಿದು, "ಆಪರೇಷನ್ ಆಗೇತ್ರಿ ಬಸಪ್ಪಾರ. ಇನ್ನೂ ಏನೂ ಹೇಳಾಕ ಬರಂಗಿಲ್ಲಂತಾರ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಆ ಕಡೀ ಹಾಳಿ ಓದಿದೇನವಾ?" ಎಂದು ಕೇಳಿದ.

ಅಪ್ಪ ಸೂಜಿ ಹಿಡಿದ ಕೈ ಎತ್ತಿ ನನ್ನನ್ನೇ ನೋಡುತ್ತಿದ್ದ.

"ಇಲ್ರಿ ಕಾಕಾ. ಮುಟ್ಟಿಲ್ರಿ."

ಅಪ್ಪನ ಮುಖ ಅರಳಿತು. ರಾಮಣ್ಣ ಮಾತ್ರ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಛಲೋ ಆತು ಬಿಡು. ಅಕ್ಕ ಅಂದಿದ್ಲು, ಹುಡುಗಿ ಅದು, ಓದೇ ಓದಿರತಾಳ, ಓದಿದ್ರ ವತ್ಸಲಾಂದು ಕಡೀಕ ಏನಾತು ಕೇಳ್ಕೊಂಡು ಬಾ. ಓದಿರದಿದ್ರ ಹಾಳಿ ಇಸ್ಕೋಬ್ಯಾಡ, ನಾನ ಬಂದು ಆಕಿ ಜೋಡಿ ಓದ್ತೀನಿ ಅಂದ್ಲು."

ನಾನು ಬಾಯಿ ತೆರೆಯಬೇಕಿತ್ತು. ಎರಡು ಮಾತು ಸಾಕಿತ್ತು. ಅಪ್ಪ ನನ್ನ ತಲೆ ಸವರಿ, "ನಮ್ಮ ಮನಿ ಮಾತು ಅಂದ್ರ ಹಂಗ್ರಿ" ಎನ್ನುತ್ತಿದ್ದ. ರಾಮಣ್ಣ ಚಪ್ಪಲಿ ಮೆಟ್ಟಿದ, ಓಣಿಯ ತಿರುವು ದಾಟಿದ. ನಾನು ಕಂಬ ಹಿಡಿದುಕೊಂಡು ನಿಂತೇ ಇದ್ದೆ. ನಾಲ್ಕನೆಯ ದಿನ ಅಕ್ಕೋರು ಹೋದ ಸುದ್ದಿ ಬಂತು.

ಅಪ್ಪನಿಗೆ ನಾನು ಕಡೆಯವರೆಗೂ ಹೇಳಲಿಲ್ಲ. ಬಂದವರ ಮುಂದೆಲ್ಲ ಅವನು ನನ್ನ ಗುಣ ಹೊಗಳುತ್ತಿದ್ದ, ಮಗಳು ಹನ್ನೆರಡರ ವಯಸ್ಸಿನಲ್ಲೇ ಮಾತು ಉಳಿಸಿಕೊಂಡಳೆಂದು. ಕೇಳಿದಾಗಲೆಲ್ಲ ನಾನು ಒಳಗೆ ಎದ್ದು ಹೋಗುತ್ತಿದ್ದೆ, ಅದನ್ನವನು ನಾಚಿಕೆ ಎಂದುಕೊಂಡ. ಅವನೂ ಹೋದ, ಅವ್ವನೂ ಹೋದಳು. ರಸ್ತೆ ಅಗಲ ಮಾಡುವಾಗ ಆ ಪಡಸಾಲೆ ಹೋಯಿತು, ಆ ಗದ್ದಲದಲ್ಲಿ ಆ ಹಾಳೆಗಳೂ ಎಲ್ಲಿ ಹೋದವೋ. ಬೇಕಾಗಿಯೂ ಇಲ್ಲ, ಒಂದೊಂದು ಸಾಲೂ ನನಗೆ ಬಾಯಿಪಾಠ. ಮಿರಜಿನ ಆಸ್ಪತ್ರೆಯ ಮಂಚದ ಮೇಲೆ, ಬಾಗಿಲಿಗೆ ಕೈ ಹಚ್ಚಿ ನಿಂತ ವತ್ಸಲಾಳನ್ನು ನೆನೆಯುತ್ತ, ತಮ್ಮ ಏನು ಸುದ್ದಿ ತರುತ್ತಾನೋ ಎಂದು ಅಕ್ಕೋರು ದಾರಿ ಕಾದಿರಬೇಕು. ಒಬ್ಬಳೇ ಇದ್ದಾಗ ಈಗಲೂ ಗಟ್ಟಿಯಾಗಿ ಹೇಳುತ್ತೇನೆ. ಬಾಗಿಲಾ ತೆರೀತ್ರಿ ಅಕ್ಕೋರ. ಶ್ರೀಪತಿ ಬದುಕಿದ್ದ, ಒಳಗ ಇದ್ದ. ಇಬ್ರೂ ಕೂಡಿದರ್ರಿ.