ಲಾಕ್‌ಡೌನ್ ಮತ್ತು ಅಪ್ಪನ ಗಡ್ಡ

ಬಟ್ಟೆ ವ್ಯಾಪಾರಿಯಾದ ನನ್ನ ಕಣ್ಣಲ್ಲಿ ಅಳೆದರೆ ನಮ್ಮ ಪಕ್ಕದಂಗಡಿಯ ಕ್ಷೌರಿಕ ಎರಡೂ ಮಗ್ಗುಲಿಗೆ ತಿರುಗಿಸಿ ತೊಡಬಹುದಾದ ಮಾಲು. ಕುರ್ಚಿಯಲ್ಲಿ ಡಾಕ್ಟರು ಕೂತರೆ "ಲಾಕ್‌ಡೌನಿಂದ ಜೀವ ಉಳೀತು ಸಾರ್" ಎನ್ನುತ್ತಾನೆ. ಹೋಟೆಲಿನವರು ಕೂತರೆ "ಜೀವ ಉಳಿಸ್ತೀವಂತ ಹೊಟ್ಟೆ ಮೇಲೆ ಹೊಡೆದ್ರು" ಎಂದು ಕತ್ತರಿ ಆಡಿಸುತ್ತಾನೆ. ಯಾರೂ ಇಲ್ಲದಿದ್ದರೆ ಕನ್ನಡಿಯ ಜೊತೆಗೇ ವಾದ, ಅಲ್ಲೂ ಸೋಲುವುದಿಲ್ಲ. "ನಿನಗೆ ಲಾಭವೋ ನಷ್ಟವೋ?" ಎಂದು ಕೆಣಕಿದರೆ, "ನಷ್ಟಾನೇ ಅಣ್ಣ, ಗಿರಾಕಿಗಳೆಲ್ಲ ಹೆಂಡ್ತಿ ಕೈಗೆ ತಲೆ ಕೊಟ್ರಲ್ಲ!" ಎಂಬ ಗೋಳು. ಆದರೆ ಆ ದಿನಗಳಲ್ಲಿ, ಅವನ ಮನೆಯ ಒಲೆ ತಣ್ಣಗಿದ್ದಾಗ, ಹಾಸಿಗೆ ಹಿಡಿದ ಅಪ್ಪನ ಗಡ್ಡ ತೆಗೆಯಲು ನಾನು ಅವನನ್ನು ಗುಟ್ಟಾಗಿ ಕರೆಸಿದ್ದೆ. ಗೇಟಿನಾಚೆಯೇ ನಿಂತು, "ಗಡ್ಡ ತಾನೇ, ಬೆಳೀಲಿ ಬಿಡಿ ಅಣ್ಣ, ನಂಗ್ಯಾಕೋ ಗಂಟಲು ಕೆರೀತಿದೆ" ಎಂದು ಬರಿಗೈಯಲ್ಲಿ ಹಿಂದಿರುಗಿದ. ಮರುದಿನವೇ ಕೊರೊನಾ ಎಂದು ಅವನನ್ನು ಆಸ್ಪತ್ರೆಗೆ ಸೇರಿಸಿದರು. ನಮ್ಮಪ್ಪ ಇಂದಿಗೂ ಬದುಕಿರುವುದು ಅವನ ಉಪಕಾರದಿಂದ.