ಕಾರ್ಡಿಗಿಂತ ಮೊದಲು ಕೇಳುವ ಪ್ರಶ್ನೆ

ಮುಂಬಯಿಯ ಭಾಂಡುಪ್ ಸ್ಟೇಷನ್ನಿನ ಹೊರಗೆ ಕೂರುತ್ತಿದ್ದ ಚಾವಿವಾಲಾ ವಿಜಯಪುರದ ಕಡೆಯವರು. ಬೀಗದ ಕೀಲಿಗಳಂತೆ ಬಿಲ್ಡಿಂಗ್ ಗೇಟಿನ ಕಾರ್ಡುಗಳಿಗೂ ನಕಲು ಮಾಡಿಕೊಡುತ್ತಿದ್ದರು. ಅಂಥ ಕಾರ್ಡಿನೊಳಗಿನ ಪುಟ್ಟ ರೇಡಿಯೋ ಚಿಪ್‌ಗೆ ಹೊರೆಯಾಗದ ಭದ್ರತಾ ಕ್ರಮ ಯಾವುದು ಎಂಬುದೇ ನನ್ನ ಎಂ.ಟೆಕ್. ವಿಷಯವಾಗಿತ್ತು.

"ಪಾಪದ್ದು ಇದು. ಯಾರ ಕೇಳಿದ್ರೂ ತನ್ನ ನಂಬರ್ ಹೇಳಿಬಿಡತೈತಿ," ಎನ್ನುತ್ತ ಅವರು ಪ್ರತಿ ಕಾರ್ಡನ್ನೂ ಅಂಗಿಗೆ ಒರೆಸುವರು. ಅದಕ್ಕೇ ಕಾರ್ಡು ತಂದವರನ್ನು ಅವರ ಬಿಲ್ಡಿಂಗ್ ಬಗ್ಗೆ ಏನಾದರೊಂದು ಕೇಳುವರು. ಸುತ್ತಲಿನ ಬಿಲ್ಡಿಂಗ್‌ಗಳಿಗೆಲ್ಲ ಬೀಗ ಕೂರಿಸಿದವರಾದ್ದರಿಂದ ಒಳಗಿನ ವಿಷಯ ಅವರಿಗೆ ಗೊತ್ತಿತ್ತು. ಒಮ್ಮೆ ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳುತ್ತಿರಲಿಲ್ಲ.

ಒಂದು ಸಂಜೆ ನನ್ನೆದುರೇ ನಗುಮುಖದ ಒಬ್ಬ ಕಾರ್ಡು ಚಾಚಿದ. ಹಸಿರು ದಾರದ ಆ ಕಾರ್ಡನ್ನು ನನ್ನ ರೂಮ್‌ಮೇಟ್ ಬೆಳಗಿನಿಂದ ಹುಡುಕುತ್ತಿದ್ದಳು. ಅವಳಿಗೆ ಮದುವೆಯಾಗಿರಲಿಲ್ಲ.

"ಹೆಂಡ್ತೀದು, ಚಾಚಾ. ಒಂದು ಕಾಪಿ, ಜಲ್ದಿ."

ನಾನು ತಡೆಯುವ ಮೊದಲೇ ಅವರು ಕಾರ್ಡಿನ ಮೇಲಿದ್ದ ಬಿಲ್ಡಿಂಗ್ ಹೆಸರು ಓದಿದರು.

"ಲಿಫ್ಟಿನಾಗ ಕನ್ನಡಿ ಯಾವ ಕಡೆ ಐತಿ?"

"ಎಡಗಡೆ."

"ಅಲ್ಲಿ ಲಿಫ್ಟೇ ಇಲ್ಲಲ್ಲೋ!"

ಅವನು ಕಾರ್ಡನ್ನೂ ವಾಪಸ್ ಕೇಳದೆ ಜನರೊಳಗೆ ಸರಿದುಹೋದ. ಅದು ನನ್ನ ರೂಮ್‌ಮೇಟ್‌ದು ಎಂದು ನಾನು ಕೈಚಾಚಿದೆ.

"ನಿಮ್ಮ ಬಿಲ್ಡಿಂಗಿನಾಗ ಯಾವ ಮೆಟ್ಟಿಲು ಒಡದೈತಿ?"

"ಚಾಚಾ, ಎರಡು ವರ್ಷದಿಂದ ನನ್ನನ್ನು ನೋಡ್ತಿದ್ದೀರಿ."

"ಮುಖಾ ನೋಡಿ ಕೊಡೂದಾದ್ರ ಅವನ ಮುಖಾನೂ ಚೊಲೋ ಇತ್ತು, ಬೇಟಾ."

"ಮೂರನೆಯದು," ಎಂದೆ.

ಅವರು ಕಾರ್ಡನ್ನು ಅಂಗಿಗೆ ಒರೆಸಿ ನನ್ನ ಕೈಗಿಟ್ಟರು.