ನೆಲ ಒರೆಸುವ ಹಾಡು

ಮೊದಲೇ ಹೇಳಿಬಿಡುತ್ತೇನೆ. ನಮ್ಮಕ್ಕ ನೆಲ ಒರೆಸುವ ಲಿಕ್ವಿಡ್ ಒಂದರ ಜಾಹೀರಾತಿಗೆ ಹಾಡು ಬರೆದಳು, ತಾನೇ ಹಾಡಿದಳು, ದುಡ್ಡೂ ತೆಗೆದುಕೊಂಡಳು. ಇದರಲ್ಲಿ ಮುಚ್ಚುಮರೆ ಏನಿಲ್ಲ. ಮುಚ್ಚಿಟ್ಟಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ ಎಂದು ಅಮ್ಮ ಈಗಲೂ ಗೊಣಗುತ್ತಾಳೆ.

ಅಕ್ಕ ಹಾಡು ಕಟ್ಟುವುದು ನನ್ನ ಟೈಲರಿಂಗ್ ಅಂಗಡಿಯಲ್ಲಿ. ನಾನು ಮೆಷಿನ್ ತುಳಿಯುತ್ತಿರಬೇಕು, ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂತು ಗಿಟಾರ್ ಹಿಡಿದು ಹಾಡಬೇಕು. ಮೆಷಿನ್ ಸದ್ದಿನಲ್ಲಿ ಯಾವ ಮಾತು ನನ್ನ ಕಿವಿಗೆ ಬೀಳಲಿಲ್ಲವೋ ಅದನ್ನು ಮುಲಾಜಿಲ್ಲದೆ ಕಿತ್ತುಹಾಕುತ್ತಾಳೆ. ಹಾಗೆ ಉಳಿದ ಹಾಡುಗಳನ್ನು ತಿಂಗಳಿಗೊಮ್ಮೆ ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ಹಾಡುತ್ತಾಳೆ. ಕೇಳಲು ಒಂದು ಬಳಗವೇ ಇದೆ. ಬಳಗಕ್ಕೆ ಯಜಮಾನರು ನಿವೃತ್ತ ಭೂಗೋಳದ ಮೇಷ್ಟ್ರು. ಹಾಲ್ ಗೊತ್ತುಮಾಡುವವರು ಅವರೇ, ಕುರ್ಚಿ ಹಾಕಿಸುವವರು ಅವರೇ, ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುವವರೂ ಅವರೇ. ಬಾಗಿಲಲ್ಲಿ ಟಿಕೆಟ್ ಹರಿಯುವವಳು ನಾನು. ಆ ಹಾಲ್ ಬಿಟ್ಟರೆ ಅಕ್ಕನಿಗೆ ಬೇರೆ ವೇದಿಕೆ ಇಲ್ಲ.

ಅಕ್ಕ ಸಾಲು ಎತ್ತುವ ಮುಂಚೆ ಕೇಳಿಸುವಂತೆ ಒಮ್ಮೆ ಉಸಿರೆಳೆದುಕೊಳ್ಳುತ್ತಾಳೆ. ಜಾಹೀರಾತಿನ ರೆಕಾರ್ಡಿಂಗ್ ಆದಮೇಲೆ ಸ್ಟುಡಿಯೋದವರು ಆ ಉಸಿರನ್ನು ನೀಟಾಗಿ ಅಳಿಸಿದ್ದರು. ಅಕ್ಕ ಕೆಂಡಾಮಂಡಲವಾದಳು.

“ಉಸಿರಾಡದೆ ಹಾಡೋಕೆ ನಾನೇನು ಹೆಣಾನಾ? ಇದ್ದ ಹಾಗೆ ವಾಪಸ್ ಹಾಕಿ!”

ಹಾಕಿದರು. ಜಾಹೀರಾತಿನಲ್ಲಿ ಅವಳ ಹೆಸರಿರಲಿಲ್ಲ, ಮುಖವೂ ಇರಲಿಲ್ಲ. ಆದರೇನು, ಟಿವಿಯಲ್ಲಿ ಬಂದ ಮೊದಲ ಸಂಜೆಯೇ ಸಿಕ್ಕಿಬಿದ್ದಳು. ಮಾತು ಶುರುವಾಗುವ ಮೊದಲೇ, ಬರೀ ಆ ಉಸಿರು ಕೇಳಿಯೇ ಮೇಷ್ಟ್ರು ಊಟ ಬಿಟ್ಟು ಎದ್ದರಂತೆ.

ಅಲ್ಲಿಂದ ಶುರುವಾಯಿತು ನೋಡಿ. ಬಳಗದ ಒಬ್ಬಾಕೆ ಫೋನ್ ಮಾಡಿ, “ಕೊನೆಗೂ ನಿಮ್ಮ ದನಿ ಎಲ್ಲರ ಮನೆಗೂ ಬಂತಲ್ಲ” ಎಂದು ಖುಷಿಪಟ್ಟಳು. ಇನ್ನೊಬ್ಬಾತ ‘ಹಾಡನ್ನು ಮಾರಿಕೊಂಡಳು’ ಎಂದು ಅಕ್ಕನ ಹಳೆಯ ಸಿಡಿಗಳನ್ನು ತಂದು ನನ್ನ ಕೌಂಟರ್ ಮೇಲೆ ಕುಕ್ಕಿ, ಹೊಲಿಯಲು ಕೊಟ್ಟ ಪ್ಯಾಂಟನ್ನೂ ವಾಪಸ್ ಕೇಳಿದ. ಪ್ಯಾಂಟು ಏನು ಪಾಪ ಮಾಡಿತ್ತೋ! ಬೀದಿಯಲ್ಲಿ ಅಕ್ಕನಿಗೆ ‘ಬಕೆಟ್ ರಾಣಿ’ ಎಂದು ಹೆಸರು ಬಿತ್ತು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಮೇಷ್ಟ್ರು ಅಂಗಡಿಗೆ ಬಂದದ್ದು ಕಾರ್ಯಕ್ರಮದ ಹಿಂದಿನ ದಿನ. ಸ್ಟೂಲಿನ ತುದಿಯಲ್ಲಿ ಕೂತು, ಮೇಜಿನ ಮೇಲಿದ್ದ ಅಕ್ಕನ ಕಡೆ ತಿರುಗಿದರು.

“ಅರ್ಧಕ್ಕರ್ಧ ಜನ ಬಿಟ್ಟು ಹೋಗ್ತೀವಿ ಅಂತಿದ್ದಾರಮ್ಮ. ನೀನು ನಾಳೆ ಒಂದು ಮಾತು ಕ್ಷಮಿಸಿ ಅಂದ್ಬಿಡು. ಇಲ್ದಿದ್ರೆ ಮುಂದಿನ ತಿಂಗಳು ನಾನು ಹಾಲ್ ಹಿಡಿಯಲ್ಲ.”

“ಯಾತಕ್ಕೆ ಕ್ಷಮೆ ಮೇಷ್ಟ್ರೇ?”

“ಹೋಗ್ಲಿ, ಕ್ಷಮೆ ಬೇಡ. ಅಮ್ಮನಿಗೆ ಹುಷಾರಿರಲಿಲ್ಲ, ಆಸ್ಪತ್ರೆ ಖರ್ಚಿತ್ತು, ವಿಧಿಯಿಲ್ಲದೆ ಹಾಡಿದೆ ಅಂತ ಹೇಳು. ಜನ ಕರಗ್ತಾರೆ. ನಾನೂ ಕರಗ್ತೀನಿ.”

ನಾನು ಮೆಷಿನ್ ನಿಲ್ಲಿಸಿದೆ. ನಮ್ಮಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ಆ ಹೊತ್ತಿನಲ್ಲಿ ಅಂಗಡಿಯ ಮುಂದೆಯೇ ನಿಂತು ಸೊಪ್ಪಿನವನ ಜೊತೆ ಜಗಳ ಕಾಯುತ್ತಿದ್ದಳು.

ಅಕ್ಕ ನಗಲಿಲ್ಲ. “ನಾಳೆ ಹೇಳ್ತೀನಿ,” ಎಂದಳು ಅಷ್ಟೇ. ಮೇಷ್ಟ್ರು ಸಮಾಧಾನದಿಂದ ಹೋದರು. ಇವಳು ಬಗ್ಗಿಬಿಟ್ಟಳೇನೋ ಎಂದು ನನಗೆ ರಾತ್ರಿಯೆಲ್ಲ ಸಂಕಟ. ಹಾಲ್ ಹೋದರೆ ಅವಳು ಎಲ್ಲಿ ಹಾಡುತ್ತಾಳೆ ಎಂಬ ಸಂಕಟವೂ ಅದರ ಜೊತೆಗೇ.

ಮರುದಿನ ಹಾಲ್ ತುಂಬಿ ತುಳುಕಿತು. ಜಗಳ ಎಂದರೆ ಜನಕ್ಕೆ ಎಲ್ಲಿಲ್ಲದ ಪ್ರೀತಿ. ಅಕ್ಕ ಗಿಟಾರ್ ಕೆಳಗಿಟ್ಟು ಮೈಕಿನ ಮುಂದೆ ನಿಂತಳು.

“ನಮ್ಮಮ್ಮ ಚೆನ್ನಾಗಿದ್ದಾಳೆ. ಮುಂದಿನ ಸಾಲಲ್ಲೇ ಕೂತಿದ್ದಾಳೆ, ನೋಡಿ. ನನಗೆ ಯಾರೂ ಬಲವಂತ ಮಾಡಿಲ್ಲ. ಕೆಲಸ ಕೊಟ್ರು, ಮಾಡಿದೆ, ದುಡ್ಡು ತಗೊಂಡೆ. ನೀವೆಲ್ಲ ಆಫೀಸಲ್ಲಿ, ಅಂಗಡೀಲಿ ಮಾಡೋದೂ ಅದನ್ನೇ ತಾನೆ? ನಾನು ಕಷ್ಟದಲ್ಲಿದ್ರೆ ಮಾತ್ರ ನಿಮಗೆ ಇಷ್ಟ ಆಗ್ತೀನಿ ಅನ್ನೋದಾದ್ರೆ, ಆ ಪ್ರೀತಿ ನನಗೆ ಬೇಡ. ಅವರು ಮತ್ತೆ ಕರೆದ್ರೆ ಮತ್ತೆ ಹೋಗ್ತೀನಿ. ಈಗ ಹೊರಡೋರು ಹೊರಡಿ, ಆಮೇಲೆ ಹಾಡ್ತೀನಿ.”

ಕುರ್ಚಿಗಳು ಕಿರುಗುಟ್ಟಿದವು. ಎದ್ದವರೆಲ್ಲ ನನ್ನ ಮುಂದೆಯೇ ಹಾದುಹೋದರು. ಕೆಲವರು ನನ್ನ ಮುಖ ನೋಡಲಿಲ್ಲ, ಒಬ್ಬ ಟಿಕೆಟ್ ದುಡ್ಡು ವಾಪಸ್ ಕೇಳಿದ. ಅವನ ಕೈಗಿಟ್ಟು ಕಳಿಸಿದೆ. ಎಲ್ಲರಿಗಿಂತ ಕೊನೆಯಲ್ಲಿ ಮೇಷ್ಟ್ರು ಬಂದರು. ಮುಖ ಕೆಂಪಾಗಿತ್ತು.

ಅಷ್ಟರಲ್ಲಿ ಒಳಗೆ ಹಾಡು ಶುರುವಾಯಿತು. ಹೊಸದು, ಬಳಗದಲ್ಲಿ ಯಾರೂ ಕೇಳಿರಲಿಲ್ಲ. ಮೇಷ್ಟ್ರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ಇನ್ನೊಂದನ್ನು ಇಡಲಿಲ್ಲ.

“ಒಳಗೆ ಬನ್ನಿ ಮೇಷ್ಟ್ರೇ,” ಎಂದೆ.

“ಇಲ್ಲಮ್ಮ. ನನಗಿನ್ನೂ ಸಿಟ್ಟಿದೆ. ಅವಳು ಮಾಡಿದ್ದು ತಪ್ಪೇ.”

“ಸಿಟ್ಟು ಇಟ್ಕೊಂಡೇ ಕೂತ್ಕೊಳ್ಳಿ. ಕುರ್ಚಿಗಳೇನೋ ಬೇಕಾದಷ್ಟು ಖಾಲಿ ಇವೆ.”

ಅವರು ನನ್ನನ್ನು ದುರುಗುಟ್ಟಿಕೊಂಡು ನೋಡಿದರು. ಆಮೇಲೆ ಒಳಗೆ ಹೋಗಿ ಅಮ್ಮನ ಪಕ್ಕದಲ್ಲಿ ಕೂತರು. ಕೈಕಟ್ಟಿಕೊಂಡು, ಒಂದು ಹಾಡಿಗೂ ಚಪ್ಪಾಳೆ ತಟ್ಟದೆ, ಕೊನೆಯವರೆಗೂ ಕೂತಿದ್ದರು.